ಗುಂಪು ಸರಿಯಿದ್ದರೂ ಚಳಿಜ್ವರ ಬಂದದ್ದೇಕೆ? ಮಗನ ರಕ್ತ ತಾಯಿಗೆ ಹಾಕಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 58 ವರ್ಷ. ಲಿಂಫೋಮಾ ಎಂದು ಗೊತ್ತಾಗಿ ಬೆಂಡಮಸ್ಟಿನ್ ಮತ್ತು ರಿಟುಕ್ಸಿಮ್ಯಾಬ್ ಕೊಡುತ್ತಿದ್ದಾರೆ. ಹಿಮೋಗ್ಲೋಬಿನ್ 6.4ಕ್ಕೆ ಇಳಿದಿತ್ತೆಂದು ಕಳೆದ ವಾರ ರಕ್ತ ಹಾಕಿದರು. ಇದು ಅವರಿಗೆ ಮೂರನೇ ಬಾಟಲಿ. ಶುರುವಾಗಿ ಒಂದೂವರೆ ಗಂಟೆಗೆ ಮೈ ಗಡಗಡ ನಡುಗಿ ಜ್ವರ 102 ಡಿಗ್ರಿಗೆ ಏರಿತು. ರಕ್ತ ನಿಲ್ಲಿಸಿ ಇಂಜೆಕ್ಷನ್ ಕೊಟ್ಟ ಮೇಲೆ ಸುಧಾರಿಸಿಕೊಂಡರು. ಅವರದೂ ಬಾಟಲಿಯದೂ ಬಿ ಪಾಸಿಟಿವ್ವೇ. ಹೊರಗಿನವರ ರಕ್ತ ಹೊಂದಲಿಲ್ಲ, ಮುಂದಿನ ಸಲ ನನ್ನದೋ ಸೋದರಮಾವನದೋ ಹಾಕಿಸಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ವಾರ್ಡಿನಲ್ಲಿ ಒಬ್ಬರು ಫಿಲ್ಟರ್ ಸಾಕು ಎಂದರು, ಇನ್ನೊಬ್ಬರು ರೇಡಿಯೇಶನ್ ಕೊಟ್ಟ ರಕ್ತವೇ ಬೇಕು ಎಂದರು. ರಕ್ತ ಹಾಕಿಸಿದರೆ ಕ್ಯಾನ್ಸರ್ ಬೇಗ ಮರುಕಳಿಸುತ್ತದೆ ಎಂದೂ ಎಲ್ಲೋ ಓದಿದೆ. ಏನು ಮಾಡಬೇಕು?

ಉತ್ತರ: ಮನೆಯವರ ಸಲಹೆಯಿಂದಲೇ ಶುರು ಮಾಡೋಣ, ಏಕೆಂದರೆ ನಿಜವಾದ ಅಪಾಯ ಇರುವುದು ಅಲ್ಲಿ. ನಿಮ್ಮ ತಾಯಿಗೆ ನಿಮ್ಮ ರಕ್ತವೂ ಬೇಡ, ಸೋದರಮಾವನ ರಕ್ತವೂ ಬೇಡ. ಯಾವ ಸಂಬಂಧವೂ ಇಲ್ಲದ ದಾನಿಯ ರಕ್ತವೇ ಅವರಿಗೆ ಕ್ಷೇಮ. ಇನ್ನು ಫಿಲ್ಟರೋ ರೇಡಿಯೇಶನ್ನೋ ಎಂಬ ವಾದದಲ್ಲಿ ಇಬ್ಬರೂ ಅರ್ಧ ಸರಿ: ಈ ಔಷಧಿ ಪಡೆಯುತ್ತಿರುವ ಲಿಂಫೋಮಾ ರೋಗಿಗೆ ಎರಡೂ ಬೇಕು. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ.

ಬಿ ಪಾಸಿಟಿವ್ ಎಂಬುದು ಕೆಂಪುಕಣದ ಮೈಮೇಲಿರುವ ಎರಡು ಗುರುತುಗಳನ್ನು ಮಾತ್ರ ಹೇಳುತ್ತದೆ. ಎಬಿಓ ಗುಂಪನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ 1901ರಲ್ಲಿ ವಿವರಿಸಿದರು, ಆರ್‌ಎಚ್ ಬಂದದ್ದು 1940ರಲ್ಲಿ. ಅಲ್ಲಿಂದೀಚೆಗೆ ಪತ್ತೆಯಾದ ರಕ್ತಗುಂಪು ವ್ಯವಸ್ಥೆಗಳು 40 ದಾಟಿವೆ, ಗುರುತುಗಳು ಅಂದರೆ ಪ್ರತಿಜನಕಗಳು 300 ದಾಟಿವೆ. ಕ್ರಾಸ್‌ಮ್ಯಾಚ್‌ನಲ್ಲಿ ರೋಗಿಯ ಸೀರಂ (ರಕ್ತದ ತಿಳಿದ್ರವ) ದಾನಿಯ ಕೆಂಪುಕಣವನ್ನು ಹಿಡಿಯುತ್ತದೆಯೇ ಎಂದು ನೋಡುತ್ತಾರೆ, ಅಷ್ಟೇ. ಚೀಲದಲ್ಲಿ ಕೆಂಪುಕಣದ ಜೊತೆ ಬಿಳಿಕಣಗಳೂ ಇರುತ್ತವೆ. ಫಿಲ್ಟರ್ ಮಾಡದ ಒಂದು ಪ್ಯಾಕ್ಡ್ ಸೆಲ್ (ಪ್ಲಾಸ್ಮಾ ತೆಗೆದು ಉಳಿಸಿದ ಕೆಂಪುಕಣ) ಚೀಲದಲ್ಲಿ ಸುಮಾರು 100 ಕೋಟಿ. ಅವುಗಳ ಮೈಮೇಲಿನ ಗುರುತು ಬೇರೆಯೇ, ಅದರ ಹೆಸರು ಎಚ್‌ಎಲ್‌ಎ. ಅದನ್ನು ಮಾಮೂಲು ಕ್ರಾಸ್‌ಮ್ಯಾಚ್ ನೋಡುವುದೇ ಇಲ್ಲ.

ಎಚ್‌ಎಲ್‌ಎ ವಿರುದ್ಧ ನಿಮ್ಮ ತಾಯಿಯ ಮೈಯಲ್ಲಿ ಪ್ರತಿಕಾಯಗಳು (ಆಂಟಿಬಾಡಿಗಳು) ಎಲ್ಲಿಂದ ಬಂದಿರಬಹುದು? ಒಂದು, ಹಿಂದೆ ಹಾಕಿದ ಎರಡು ಬಾಟಲಿಗಳಿಂದ. ಇನ್ನೊಂದು, ಬಸಿರಿನಿಂದ. ಹೊಟ್ಟೆಯಲ್ಲಿದ್ದ ಮಗುವಿನ ಜೀವಕೋಶಗಳಲ್ಲಿ ಅರ್ಧ ಗುರುತು ತಂದೆಯದು; ತಾಯಿಯ ದೇಹಕ್ಕೆ ಅದು ಪರಕೀಯ. ಹೆರಿಗೆಯಾದ ಹೆಂಗಸರಲ್ಲಿ ಇಂಥ ಪ್ರತಿಕಾಯಗಳು ವರ್ಷಗಟ್ಟಲೆ ಉಳಿದಿರುವುದು ಸಾಮಾನ್ಯ, ಹೆರಿಗೆ ಹೆಚ್ಚಾದಷ್ಟೂ ಹೆಚ್ಚು. ದಾನಿಯ ಬಿಳಿಕಣ ಒಳಹೊಕ್ಕಾಗ ಪ್ರತಿಕಾಯ ಅದನ್ನು ಹಿಡಿಯುತ್ತದೆ, ಜ್ವರ ತರಿಸುವ ಸೈಟೊಕೈನ್‌ಗಳು ಹೊರಬರುತ್ತವೆ, ಮೈ ನಡುಗುತ್ತದೆ. ಪ್ರತಿಕಾಯವೇ ಇಲ್ಲದಿದ್ದರೂ ಇದು ಆಗಬಹುದು: ಚೀಲ ಬ್ಲಡ್ ಬ್ಯಾಂಕಿನಲ್ಲಿ ದಿನಗಟ್ಟಲೆ ಇದ್ದಾಗ ಅದರೊಳಗಿನ ಬಿಳಿಕಣಗಳು ಅಲ್ಲೇ ಸೈಟೊಕೈನ್ ಸುರಿಸುತ್ತಿರುತ್ತವೆ. ಪ್ಲೇಟ್‌ಲೆಟ್‌ಗಳನ್ನು ಫ್ರಿಜ್ಜಿನಲ್ಲಿ ಇಡದೆ 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತಾ ಇಡುವುದರಿಂದ ಈ ತೊಂದರೆ ಅವುಗಳಲ್ಲಿ ಇನ್ನೂ ಜಾಸ್ತಿ.

ರಕ್ತ ಹಾಕುವಾಗ ಅಥವಾ ಮುಗಿದ 4 ಗಂಟೆಯೊಳಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ (ಫ್ಯಾರನ್‌ಹೀಟ್‌ನಲ್ಲಿ 100.4) ಮುಟ್ಟಿ, ಮೊದಲಿದ್ದುದಕ್ಕಿಂತ ಕನಿಷ್ಠ 1 ಡಿಗ್ರಿ ಸೆಲ್ಸಿಯಸ್ ಏರಿದ್ದರೆ, ಬೇರೆ ಕಾರಣ ಸಿಗದಿದ್ದರೆ, ಅದಕ್ಕೆ ಫೆಬ್ರೈಲ್ ನಾನ್-ಹಿಮೊಲಿಟಿಕ್ ರಿಯಾಕ್ಷನ್ ಎನ್ನುತ್ತಾರೆ, ಕೆಂಪುಕಣ ಒಡೆಯದೆ ಬರುವ ಜ್ವರ ಎಂದು ಅರ್ಥ. ನಿಮ್ಮ ತಾಯಿಗೆ ಆದದ್ದು ಬಹುಶಃ ಇದೇ. ಇದು ಹಿಂಸೆ ಕೊಡುತ್ತದೆ, ಪ್ರಾಣಕ್ಕೆ ಎರವಾಗುವುದಿಲ್ಲ.

ಆದರೆ ‘ಬೇರೆ ಕಾರಣ ಸಿಗದಿದ್ದರೆ’ ಎಂಬ ಮಾತನ್ನು ಹಗುರವಾಗಿ ದಾಟಬೇಡಿ. ಮೊದಲ ಹತ್ತು ನಿಮಿಷ ಎಲ್ಲ ರಿಯಾಕ್ಷನ್ನುಗಳೂ ಒಂದೇ ಥರ ಕಾಣುತ್ತವೆ. ಬೇರೆ ಗುಂಪಿನ ರಕ್ತ ಹೋಗಿ ಕೆಂಪುಕಣ ಒಡೆಯತೊಡಗಿದಾಗಲೂ ಮೊದಲು ಬರುವುದು ಚಳಿಜ್ವರವೇ. ಸೊಂಟನೋವು, ಎದೆಬಿಗಿತ, ಕೆಂಪು ಮೂತ್ರ, ಬಿಪಿ ಕುಸಿತ ಆಮೇಲೆ. ಚೀಲದಲ್ಲಿ ಬ್ಯಾಕ್ಟೀರಿಯಾ ಬೆಳೆದಿದ್ದರೂ ಹಾಗೆಯೇ. ಕೀಮೋ ನಂತರ ನ್ಯೂಟ್ರೊಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿಕಣ) 500ಕ್ಕಿಂತ ಕೆಳಗಿಳಿದ ರೋಗಿಗೆ ರಕ್ತಕ್ಕೂ ಜ್ವರಕ್ಕೂ ಸಂಬಂಧವೇ ಇಲ್ಲದೆ ಸೋಂಕಿನಿಂದಲೇ ಜ್ವರ ಬಂದಿರಬಹುದು. ಅದನ್ನು ‘ರಕ್ತದ ರಿಯಾಕ್ಷನ್’ ಎಂದು ಬರೆದು ಕೈಬಿಟ್ಟರೆ ಆಂಟಿಬಯಾಟಿಕ್ ತಡವಾಗುತ್ತದೆ. ಕ್ಯಾನ್ಸರ್ ರೋಗಿಗಳಲ್ಲಿ ನಡೆಯುವ ಪ್ರಮಾದಗಳಲ್ಲಿ ಇದು ದೊಡ್ಡದು.

ಆದ್ದರಿಂದ ಮೊದಲ ಕೆಲಸ: ಕಳೆದ ವಾರದ ಆ ಬಾಟಲಿಯ ಮೇಲೆ ಬ್ಲಡ್ ಬ್ಯಾಂಕ್ ಯಾವ ಪರೀಕ್ಷೆ ಮಾಡಿತು, ಫಲಿತಾಂಶ ಏನು ಎಂದು ಬರಹದಲ್ಲಿ ಕೇಳಿ. ರಿಯಾಕ್ಷನ್ ಆದಾಗ ಉಳಿದ ರಕ್ತವಿರುವ ಚೀಲವನ್ನು ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ವಾಪಸ್ ಕಳಿಸಬೇಕು. ಜೊತೆಗೆ ಇನ್ನೊಂದು ಕೈಯಿಂದ ತೆಗೆದ ಹೊಸ ರಕ್ತದ ಸ್ಯಾಂಪಲ್, ಆಮೇಲೆ ಬಂದ ಮೊದಲ ಮೂತ್ರ. ಅಲ್ಲಿ ಮೊದಲು ಹೆಸರು, ಐಪಿ ನಂಬರು, ಚೀಲದ ನಂಬರು ತಾಳೆ ನೋಡುತ್ತಾರೆ. ಸ್ಯಾಂಪಲನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ಪ್ಲಾಸ್ಮಾ (ರಕ್ತದ ದ್ರವಭಾಗ) ಕೆಂಪುಕಣ ಒಡೆದು ಗುಲಾಬಿಯಾಗಿದೆಯೇ ನೋಡುತ್ತಾರೆ. ಹಿಂದಿನ ಮತ್ತು ಈಗಿನ ಸ್ಯಾಂಪಲ್‌ಗಳ ಗುಂಪನ್ನೂ ಚೀಲದ ಗುಂಪನ್ನೂ ಮತ್ತೆ ಪರೀಕ್ಷಿಸಿ, ಕ್ರಾಸ್‌ಮ್ಯಾಚ್ ಇನ್ನೊಮ್ಮೆ ಮಾಡಿ, ಡೈರೆಕ್ಟ್ ಕೂಂಬ್ಸ್ ಟೆಸ್ಟ್ ಮಾಡುತ್ತಾರೆ. ಕೆಂಪುಕಣಕ್ಕೆ ಪ್ರತಿಕಾಯ ಅಂಟಿಕೊಂಡಿದೆಯೇ ಎಂಬುದನ್ನು ಅದು ಹೇಳುತ್ತದೆ. ಜ್ವರ ಹೆಚ್ಚಿದ್ದರೆ ಚೀಲದಿಂದಲೂ ರೋಗಿಯಿಂದಲೂ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂಬ ಪರೀಕ್ಷೆ. ಇವೆಲ್ಲ ನೆಗೆಟಿವ್ ಬಂದರೆ ಮಾತ್ರ ‘ಜ್ವರದ ರಿಯಾಕ್ಷನ್’ ಎಂಬ ಹೆಸರು ಸಲ್ಲುತ್ತದೆ. ಚೀಲವನ್ನು ವಾರ್ಡಿನ ಕಸದ ಡಬ್ಬಿಗೆ ಎಸೆದಿದ್ದರೆ ಈಗ ಮಾಡಲಾಗುವುದು ಕಡಿಮೆ, ಆದರೂ ಕೂಂಬ್ಸ್, ಮತ್ತು ಕೆಂಪುಕಣ ಒಡೆದಿದ್ದರೆ ಏರುವ ಬಿಲಿರುಬಿನ್, ಎಲ್‌ಡಿಎಚ್ ಪರೀಕ್ಷೆಗಳನ್ನು ಈಗಲೂ ಮಾಡಿಸಬಹುದು. ಇಂಥ ಘಟನೆಗಳನ್ನು ದಾಖಲಿಸಲು 2012ರ ಡಿಸೆಂಬರ್ 10ರಂದು ಶುರುವಾದ ರಾಷ್ಟ್ರೀಯ ಹಿಮೊವಿಜಿಲೆನ್ಸ್ ಕಾರ್ಯಕ್ರಮ ಇದೆ, ನೋಯ್ಡಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಬಯಾಲಜಿಕಲ್ಸ್ ಅದನ್ನು ನಡೆಸುತ್ತದೆ. ಅದರ ಫಾರಂ ತುಂಬಿದ್ದಾರೆಯೇ ಎಂದು ನೀವು ಕೇಳುವುದರಲ್ಲಿ ತಪ್ಪಿಲ್ಲ. ಕೇಳಿದರೆ ಎಷ್ಟೋ ಕಡೆ ಆಗಲೇ ತುಂಬುತ್ತಾರೆ.

ಫಿಲ್ಟರ್ ಏನು ಮಾಡುತ್ತದೆ

ಬಿಳಿಕಣ ಹಿಡಿಯುವ ಲ್ಯುಕೊಫಿಲ್ಟರ್ ಹಾಯಿಸಿದರೆ ಆ 100 ಕೋಟಿ ಬಿಳಿಕಣಗಳು 50 ಲಕ್ಷಕ್ಕಿಂತ ಕೆಳಗೆ ಇಳಿಯಬೇಕು. ಯೂರೋಪಿನಲ್ಲಿ 10 ಲಕ್ಷದೊಳಗೆ ಎಂಬ ಇನ್ನೂ ಬಿಗಿಯಾದ ಮಿತಿ. ರಕ್ತ ಹಾಕುವ ಪ್ರತಿ ಸೆಟ್‌ನಲ್ಲೂ ಒಂದು ಜರಡಿ ಇರುತ್ತದಲ್ಲ, 170ರಿಂದ 200 ಮೈಕ್ರಾನ್‌ನದು, ಅದು ಹೆಪ್ಪುಗಳನ್ನು ತಡೆಯಲಿಕ್ಕೆ ಮಾತ್ರ. ಬಿಳಿಕಣಗಳು ಅದರೊಳಗಿಂದ ಸರಾಗವಾಗಿ ನುಸುಳುತ್ತವೆ. ‘ಸೆಟ್‌ನಲ್ಲೇ ಫಿಲ್ಟರ್ ಇದೆ’ ಎಂದು ಯಾರಾದರೂ ಹೇಳಿದರೆ ಎರಡರ ಹೆಸರು ಕಲಸಿಕೊಂಡಿದ್ದಾರೆ ಎಂದರ್ಥ. ‘ಬಫಿ ಕೋಟ್’, ಅಂದರೆ ಬಿಳಿಕಣಗಳು ಕೂಡಿಕೊಂಡ ಪದರ, ತೆಗೆದ ರಕ್ತವೂ ಫಿಲ್ಟರ್ ಆದ ರಕ್ತವಲ್ಲ. ಅದರಲ್ಲಿ ಹತ್ತರಲ್ಲೊಂದು ಪಾಲು ಬಿಳಿಕಣ ಉಳಿದಿರುತ್ತದೆ.

ಫಿಲ್ಟರ್ ಮಾಡುವ ಹೊತ್ತೂ ಮುಖ್ಯ. ದಾನಿಯಿಂದ ತೆಗೆದ ಕೂಡಲೇ ಬ್ಲಡ್ ಬ್ಯಾಂಕಿನಲ್ಲೇ ಫಿಲ್ಟರ್ ಮಾಡಿಟ್ಟರೆ ಸೈಟೊಕೈನ್ ಸುರಿಯುವ ಮೊದಲೇ ಬಿಳಿಕಣ ಹೋಗಿರುತ್ತದೆ. ಮಂಚದ ಪಕ್ಕದಲ್ಲಿ ಫಿಲ್ಟರ್ ಸಿಕ್ಕಿಸಿದರೆ ಬಿಳಿಕಣ ನಿಲ್ಲುತ್ತದೆ, ಆಗಲೇ ಸುರಿದ ಸೈಟೊಕೈನ್ ನಿಲ್ಲುವುದಿಲ್ಲ. ರಾಮಿಪ್ರಿಲ್, ಎನಾಲಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಮಂಚದ ಪಕ್ಕದ ಫಿಲ್ಟರಿನಿಂದ ಬಿಪಿ ಏಕಾಏಕಿ ಬೀಳುವುದೂ ಉಂಟು: ಫಿಲ್ಟರಿನ ಮೇಲ್ಮೈಯಲ್ಲಿ ಬ್ರಾಡಿಕೈನಿನ್ ಹುಟ್ಟುತ್ತದೆ, ಅದನ್ನು ಒಡೆಯುವ ಕಿಣ್ವವನ್ನು ಮಾತ್ರೆ ಕಟ್ಟಿಹಾಕಿರುತ್ತದೆ. ಹಾಗಾಗಿ ಆಯ್ಕೆ ಇದ್ದರೆ ಬ್ಲಡ್ ಬ್ಯಾಂಕಿನಲ್ಲಿ ಮೊದಲೇ ಫಿಲ್ಟರ್ ಆದ ಚೀಲವನ್ನೇ ಕೇಳಿ.

ಲ್ಯುಕೇಮಿಯಾ ರೋಗಿಗಳಿಗೆ ಫಿಲ್ಟರಿನ ದೊಡ್ಡ ಲಾಭ ಜ್ವರ ತಪ್ಪುವುದಲ್ಲ, ಪ್ಲೇಟ್‌ಲೆಟ್ ಕೆಲಸ ಮಾಡುವುದು. ಪ್ಲೇಟ್‌ಲೆಟ್ ಮೈಮೇಲೂ ಎಚ್‌ಎಲ್‌ಎ ಗುರುತಿದೆ. ಪ್ರತಿಕಾಯ ಹುಟ್ಟಿಬಿಟ್ಟರೆ ಹಾಕಿದ ಪ್ಲೇಟ್‌ಲೆಟ್ ಗಂಟೆಯೊಳಗೆ ಮಾಯ. ಅಮೆರಿಕದ ಟ್ರ್ಯಾಪ್ ಅಧ್ಯಯನ 1997ರಲ್ಲಿ ಇದನ್ನು ಅಳೆದು ತೋರಿಸಿತು: ಸಾದಾ ಪ್ಲೇಟ್‌ಲೆಟ್ ಪಡೆದ ಲ್ಯುಕೇಮಿಯಾ ರೋಗಿಗಳಲ್ಲಿ ಶೇ 45 ಮಂದಿಗೆ ಪ್ರತಿಕಾಯ ಹುಟ್ಟಿತು, ಫಿಲ್ಟರ್ ಆದದ್ದು ಪಡೆದವರಲ್ಲಿ ಶೇ 17–18.

ಪ್ಲೇಟ್‌ಲೆಟ್ ಹಾಕಿಸಿಯೂ ಕೌಂಟ್ ಏರದವರು ‘ರಕ್ತ ಹಿಡಿಯುತ್ತಿಲ್ಲ’ ಎಂದು ಕೈಚೆಲ್ಲುವ ಮೊದಲು ಒಂದು ಲೆಕ್ಕ ಮಾಡಿಸಲಿ. ಮುಗಿದ 10ರಿಂದ 60 ನಿಮಿಷದೊಳಗೆ ಕೌಂಟ್ ತೆಗೆಸಿ, ಏರಿದ ಪ್ರಮಾಣವನ್ನು ಮೈಯ ಮೇಲ್ಮೈ ವಿಸ್ತೀರ್ಣದಿಂದ ಗುಣಿಸಿ, ಹಾಕಿದ ಪ್ಲೇಟ್‌ಲೆಟ್ ಪ್ರಮಾಣದಿಂದ ಭಾಗಿಸಬೇಕು. ಒಬ್ಬ ದಾನಿಯಿಂದ ಯಂತ್ರದಲ್ಲಿ ತೆಗೆದ ಎಸ್‌ಡಿಪಿ ಚೀಲದಲ್ಲಿ ಕನಿಷ್ಠ 30 ಸಾವಿರ ಕೋಟಿ ಇರಬೇಕು. ಹತ್ತು ಸಾವಿರ ಕೋಟಿಗೆ ಒಂದರಂತೆ ಅದನ್ನು ಲೆಕ್ಕದಲ್ಲಿ 3 ಎಂದು ಹಿಡಿಯುತ್ತಾರೆ. ಕೌಂಟ್ 8,000ದಿಂದ 12,000ಕ್ಕೆ ಏರಿತು, ವಿಸ್ತೀರ್ಣ 1.5 ಚದರ ಮೀಟರ್ ಎಂದಿಟ್ಟುಕೊಳ್ಳಿ: 4,000ವನ್ನು 1.5ರಿಂದ ಗುಣಿಸಿ 3ರಿಂದ ಭಾಗಿಸಿದರೆ 2,000. ಹೀಗೆ ಎರಡು ಸಲ ಬೆನ್ನುಬೆನ್ನಿಗೆ 5,000ಕ್ಕಿಂತ ಕಡಿಮೆ ಬಂದರೆ ಪ್ರತಿಕಾಯವಿದೆ ಎಂಬ ಗುಮಾನಿ ಗಟ್ಟಿ. ಗಂಟೆಯೊಳಗೆ ಚೆನ್ನಾಗಿ ಏರಿ ಮರುದಿನ ಇಳಿದಿದ್ದರೆ ತಪ್ಪು ಪ್ರತಿಕಾಯದ್ದಲ್ಲ. ಸೋಂಕು, ಊದಿದ ಗುಲ್ಮ, ರಕ್ತಸ್ರಾವ, ಆಂಫೊಟೆರಿಸಿನ್‌ನಂಥ (ಶಿಲೀಂಧ್ರ ಸೋಂಕಿನ) ಔಷಧಿ ಕಾರಣ. ಹೆಚ್ಚಿನವರಲ್ಲಿ ಇರುವುದು ಈ ಎರಡನೇ ಬಗೆ. ಇದನ್ನು ಬೇರ್ಪಡಿಸದೆ ಎಚ್‌ಎಲ್‌ಎ ಹೊಂದುವ ದಾನಿಗಾಗಿ ಊರೂರು ಅಲೆಯುವುದು ದುಡ್ಡು ದಂಡ.

ವಿಕಿರಣ ಯಾಕೆ, ಮಗನ ರಕ್ತ ಯಾಕೆ ಬೇಡ

ಇಷ್ಟು ಹೊತ್ತು ಹೇಳಿದ್ದು ರೋಗಿಯ ದೇಹ ದಾನಿಯ ಕಣದ ಮೇಲೆ ತಿರುಗಿಬೀಳುವ ಕಥೆ. ಇನ್ನೊಂದು ಇದಕ್ಕೆ ತದ್ವಿರುದ್ಧ: ದಾನಿಯ ಕಣ ರೋಗಿಯ ದೇಹದ ಮೇಲೆ ತಿರುಗಿಬೀಳುವುದು. ಚೀಲದ ಬಿಳಿಕಣಗಳಲ್ಲಿ ಟಿ ಲಿಂಫೊಸೈಟ್‌ಗಳಿರುತ್ತವೆ, ಪರಕೀಯ ಕಣಗಳ ಮೇಲೆ ಎರಗುವ ಬಗೆಯವು. ಆರೋಗ್ಯವಂತರ ದೇಹ ಅವನ್ನು ಗುರುತಿಸಿ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಗುರುತಿಸುವ ಶಕ್ತಿಯೇ ಇಲ್ಲದಿದ್ದರೆ, ಅಥವಾ ಗುರುತೇ ಸಿಗದಿದ್ದರೆ, ಅವು ಬೇರೂರಿ ಚರ್ಮ, ಕರುಳು, ಯಕೃತ್ತು, ಕೊನೆಗೆ ಮೂಳೆಮಜ್ಜೆಯನ್ನೇ ಹೊಡೆಯುತ್ತವೆ. ರಕ್ತ ಹಾಕಿದ ಎಂಟು ಹತ್ತು ದಿನಕ್ಕೆ ಜ್ವರ, ಮೈಯೆಲ್ಲ ಕೆಂಪು ದದ್ದು, ನೀರುಭೇದಿ, ಕಾಮಾಲೆ, ಎಲ್ಲ ರಕ್ತಕಣಗಳ ಕುಸಿತ. ವೈದ್ಯರು ಇದನ್ನು ಟಿಎ-ಜಿವಿಎಚ್‌ಡಿ ಎನ್ನುತ್ತಾರೆ. ತೀರ ಅಪರೂಪ, ಆದರೆ ಬಂದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಉಳಿಯುವುದಿಲ್ಲ. ಕೀಮೋದಿಂದ ಕಣಗಳು ಇಳಿದವು, ಔಷಧಿಯ ಅಲರ್ಜಿಯಿಂದ ದದ್ದು ಬಂತು ಎಂದುಕೊಳ್ಳುವುದರಲ್ಲೇ ಸಮಯ ಹೋಗಿರುತ್ತದೆ. ಗುಣಪಡಿಸುವ ಭರವಸೆಯ ದಾರಿಯಿಲ್ಲ, ತಡೆಯುವ ದಾರಿ ಸುಲಭ: ಚೀಲಕ್ಕೆ ಗಾಮಾ ಅಥವಾ ಎಕ್ಸ್-ರೇ ವಿಕಿರಣ. ಚೀಲದ ನಡುವಿಗೆ 25 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆ), ಯಾವ ಮೂಲೆಗೂ 15 ಗ್ರೇಗಿಂತ ಕಡಿಮೆಯಾಗದಂತೆ. ಟಿ ಕಣ ಬದುಕಿರುತ್ತದೆ, ಆದರೆ ಮರಿ ಹಾಕಲಾರದು. ಫಿಲ್ಟರ್ ಇಲ್ಲಿ ಸಾಲದು, ಏಕೆಂದರೆ ಅದು ಉಳಿಸುವ ಕೆಲವು ಲಕ್ಷ ಕಣಗಳೇ ಕೆಲವೊಮ್ಮೆ ಸಾಕಾಗುತ್ತವೆ.

ಯಾರಿಗೆ ಇದು ಬೇಕು? ಫ್ಲುಡಾರಾಬಿನ್, ಕ್ಲಾಡ್ರಿಬಿನ್, ಪೆಂಟೊಸ್ಟಾಟಿನ್ ಪಡೆದವರಿಗೆ, ಹಾಜ್‌ಕಿನ್ ಲಿಂಫೋಮಾದವರಿಗೆ, ಮೂಳೆಮಜ್ಜೆ ಕಸಿಯವರಿಗೆ, ಕಾರ್-ಟಿ (ಟಿ ಕಣಗಳನ್ನು ಮಾರ್ಪಡಿಸಿ ಕೊಡುವ) ಚಿಕಿತ್ಸೆಯವರಿಗೆ. ಬ್ರಿಟನ್ನಿನ ಮಾರ್ಗಸೂಚಿ ಬೆಂಡಮಸ್ಟಿನ್ ಪಡೆದವರನ್ನೂ ಈ ಪಟ್ಟಿಯಲ್ಲಿ ಇಡುತ್ತದೆ. ನಿಮ್ಮ ತಾಯಿ ಬರುವುದು ಇಲ್ಲಿ. ರಿಟುಕ್ಸಿಮ್ಯಾಬ್ ಒಂದಕ್ಕೇ ಆಗಿದ್ದರೆ ಬೇಕಿರಲಿಲ್ಲ. ಸ್ತನ, ಶ್ವಾಸಕೋಶ, ಕರುಳಿನ ಕ್ಯಾನ್ಸರ್‌ನಲ್ಲಿ ಮಾಮೂಲು ಕೀಮೋ ಪಡೆಯುವವರಿಗೆ ಸಾಮಾನ್ಯವಾಗಿ ಬೇಡ, ಹಾಗಾಗಿ ಪಕ್ಕದ ಮಂಚದವರಿಗೆ ಕೊಡುತ್ತಿಲ್ಲ ಎಂಬುದನ್ನು ನೋಡಿ ತೀರ್ಮಾನಿಸಬೇಡಿ. ಕೆಂಪುಕಣಕ್ಕೂ ಪ್ಲೇಟ್‌ಲೆಟ್‌ಗೂ ವಿಕಿರಣ ಬೇಕು. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾಕ್ಕೆ ಬೇಡ.

ವಿಕಿರಣಕ್ಕೆ ಒಡ್ಡಿದ ರಕ್ತ ವಿಕಿರಣ ಸೂಸುವುದಿಲ್ಲ. ಕೆಂಪುಕಣದಿಂದ ಪೊಟ್ಯಾಸಿಯಂ ಬೇಗ ಸೋರುತ್ತದೆ ಎಂಬುದಷ್ಟೇ ತೊಡಕು. ಅದಕ್ಕೇ ವಿಕಿರಣದ ನಂತರ 28 ದಿನಕ್ಕಿಂತ ಹೆಚ್ಚು ಇಡುವುದಿಲ್ಲ. ಯಂತ್ರ ಎಲ್ಲ ಬ್ಲಡ್ ಬ್ಯಾಂಕುಗಳಲ್ಲೂ ಇರುವುದಿಲ್ಲ, ಚೀಲವನ್ನು ದೊಡ್ಡ ಕೇಂದ್ರಕ್ಕೆ ಕಳಿಸಿ ತರಿಸಬೇಕಾಗಬಹುದು. ಕೀಮೋ ದಿನದ ಬೆಳಗ್ಗೆ ಹೇಳಿದರೆ ಆಗದು, ಒಂದೆರಡು ದಿನ ಮೊದಲೇ ತಿಳಿಸಿ. ಆದರೆ ಧಾರಾಕಾರ ರಕ್ತಸ್ರಾವವಾಗುತ್ತಿರುವಾಗ ವಿಕಿರಣಕ್ಕಾಗಿ ಕಾಯಬಾರದು. ಆಗ ಫಿಲ್ಟರ್ ಆದ, ತೆಗೆದು 14 ದಿನ ಕಳೆದ ಕೆಂಪುಕಣ ಹಾಕುವುದು ಮೇಲು, ಏಕೆಂದರೆ ಅಷ್ಟರಲ್ಲಿ ಟಿ ಕಣಗಳ ಕಸುವು ಹೋಗಿರುತ್ತದೆ.

ಈಗ ನಿಮ್ಮ ರಕ್ತದ ಮಾತು. ಎಚ್‌ಎಲ್‌ಎ ಗುರುತುಗಳು ಎರಡು ಕಟ್ಟುಗಳಲ್ಲಿ ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ದಾನಿಯ ಎರಡೂ ಕಟ್ಟು ಒಂದೇ ಆಗಿದ್ದು, ಅದೇ ಕಟ್ಟು ರೋಗಿಯಲ್ಲೂ ಒಂದು ಇದ್ದರೆ, ರೋಗಿಯ ದೇಹಕ್ಕೆ ದಾನಿಯ ಕಣ ಪೂರ್ತಿ ತನ್ನದೇ ಎನಿಸುತ್ತದೆ, ಕೊಲ್ಲುವುದಿಲ್ಲ. ದಾನಿಯ ಟಿ ಕಣಕ್ಕೋ ರೋಗಿಯ ಇನ್ನೊಂದು ಕಟ್ಟು ಪರಕೀಯ, ಅದು ಸುಮ್ಮನಿರುವುದಿಲ್ಲ. ಒಂದೇ ಕಡೆ ಬಾಗಿಲು ತೆರೆದ ಹಾಗೆ. ಇಂಥ ಹೊಂದಾಣಿಕೆ ಹೊರಗಿನವರಲ್ಲಿ ಅಪರೂಪ, ರಕ್ತಸಂಬಂಧಿಗಳಲ್ಲಿ ಹೆಚ್ಚು. ನಮ್ಮಲ್ಲಿ ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಇರುವ ಮನೆಗಳಲ್ಲಿ ತಂದೆತಾಯಿ ಇಬ್ಬರಿಂದಲೂ ಒಂದೇ ಕಟ್ಟು ಮಗುವಿಗೆ ಬರುವ ಸಾಧ್ಯತೆ ಇನ್ನೂ ಜಾಸ್ತಿ. ಆಗ ರೋಗಿಯ ನಿರೋಧಕ ಶಕ್ತಿ ಚೆನ್ನಾಗಿದ್ದರೂ ಅಪಾಯ ತಪ್ಪಿದ್ದಲ್ಲ. ಇದೇ ಕಾರಣಕ್ಕೆ ಹತ್ತಿರದ ಸಂಬಂಧಿಯ ರಕ್ತ ಯಾರಿಗೇ ಹಾಕುವುದಾದರೂ ವಿಕಿರಣ ಕಡ್ಡಾಯ.

ವಿಕಿರಣ ಕೊಟ್ಟು ನಿಮ್ಮದನ್ನೇ ಹಾಕಬಹುದಲ್ಲ ಎಂದರೆ, ಇನ್ನೆರಡು ಅಡ್ಡಿಗಳಿವೆ. ನಿಮ್ಮನ್ನು ಹೊತ್ತಾಗ ತಾಯಿಯಲ್ಲಿ ಹುಟ್ಟಿರಬಹುದಾದ ಪ್ರತಿಕಾಯಗಳು ಗುರಿಯಿಟ್ಟಿರುವುದೇ ನಿಮ್ಮಲ್ಲಿರುವ ತಂದೆಯ ಗುರುತುಗಳ ಮೇಲೆ. ಅಪರಿಚಿತರ ರಕ್ತಕ್ಕಿಂತ ನಿಮ್ಮದಕ್ಕೇ ಚಳಿಜ್ವರ ಬರುವ ಸಂಭವ ಹೆಚ್ಚು. ಇನ್ನು, ಮುಂದೆಂದಾದರೂ ಅವರಿಗೆ ಮೂಳೆಮಜ್ಜೆ ಕಸಿ ಬೇಕಾದರೆ ದಾನಿಗಳಾಗಬೇಕಾದವರು ನೀವು, ಸೋದರಮಾವ. ಈಗಲೇ ನಿಮ್ಮ ರಕ್ತ ಹಾಕಿ ಅವರ ದೇಹವನ್ನು ನಿಮ್ಮ ವಿರುದ್ಧ ಕೆರಳಿಸಿಟ್ಟರೆ ಆ ಕಸಿ ಹಿಡಿಯುವುದು ಕಷ್ಟ. ರಕ್ತ ಕೊಡಿ, ಖಂಡಿತ ಕೊಡಿ, ಬೇರೊಬ್ಬರಿಗೆ ಹೋಗಲಿ. ರಿಪ್ಲೇಸ್‌ಮೆಂಟ್ ಎಂದು, ಅಂದರೆ ತಾಯಿಗೆ ಬಳಸಿದ ರಕ್ತಕ್ಕೆ ಬದಲಾಗಿ, ಕೊಡುವಾಗ ‘ಈ ಚೀಲ ನಮ್ಮ ತಾಯಿಗೆ ಕೊಡಬೇಡಿ’ ಎಂದು ಬಾಯಲ್ಲೂ ಹೇಳಿ, ಫಾರಂನಲ್ಲೂ ಬರೆಸಿ. ಸಣ್ಣ ಬ್ಲಡ್ ಬ್ಯಾಂಕುಗಳಲ್ಲಿ ಉಪಕಾರವೆಂದೇ ಭಾವಿಸಿ ಅದನ್ನೇ ತೆಗೆದಿಡುತ್ತಾರೆ.

ಬೇರೆ ರಿಯಾಕ್ಷನ್ನುಗಳು

ಮೈ ತುರಿಸಿ ದಡಿಕೆ ಎದ್ದರೆ ಅದು ದಾನಿಯ ಪ್ಲಾಸ್ಮಾದ ಪ್ರೊಟೀನಿಗೆ ಬಂದ ಅಲರ್ಜಿ. ರಕ್ತ ನಿಲ್ಲಿಸಿ, ಅಲರ್ಜಿಯ ಇಂಜೆಕ್ಷನ್ ಕೊಟ್ಟು, ದಡಿಕೆ ಇಳಿದ ಮೇಲೆ ಅದೇ ಚೀಲ ಮುಂದುವರಿಸಬಹುದು. ಹಾಗೆ ಮುಂದುವರಿಸಬಹುದಾದ ರಿಯಾಕ್ಷನ್ ಇದೊಂದೇ. ಗಂಟಲು ಕಟ್ಟಿ, ಉಬ್ಬಸ ಬಂದು, ಬಿಪಿ ಬಿದ್ದರೆ ಅನಾಫಿಲಾಕ್ಸಿಸ್. ದೊಡ್ಡವರಿಗೆ ತಕ್ಷಣ ತೊಡೆಯ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಹೋಗಬೇಕು, ಸ್ಟೀರಾಯ್ಡ್ ಆಮೇಲೆ. ಫಿಲ್ಟರ್ ಪ್ಲಾಸ್ಮಾ ತೆಗೆಯುವುದಿಲ್ಲವಾದ್ದರಿಂದ ಅಲರ್ಜಿಗೆ ಅದು ಮದ್ದಲ್ಲ. ಪದೇಪದೇ ಜೋರಾಗಿ ಬರುವವರಿಗೆ ಸಲೈನ್‌ನಲ್ಲಿ ತೊಳೆದ ಕೆಂಪುಕಣ ಕೊಡುತ್ತಾರೆ, ತೊಳೆದದ್ದನ್ನು 24 ಗಂಟೆಯೊಳಗೆ ಹಾಕಿ ಮುಗಿಸಬೇಕು.

ಉಸಿರು ಕಟ್ಟಿದರೆ ಎರಡು ಸಾಧ್ಯತೆ, ಚಿಕಿತ್ಸೆ ಎರಡಕ್ಕೂ ಬೇರೆ. ವೇಗವಾಗಿ ಹಾಕಿ ಹೃದಯಕ್ಕೆ ಭಾರವಾಗಿದ್ದರೆ ಬಿಪಿ ಏರಿರುತ್ತದೆ, ಕುತ್ತಿಗೆಯ ನರ ಉಬ್ಬಿರುತ್ತದೆ, ಮೂತ್ರ ಹೋಗಿಸುವ ಇಂಜೆಕ್ಷನ್ನಿಗೆ ಬಗ್ಗುತ್ತದೆ. ದಾನಿಯ ಪ್ಲಾಸ್ಮಾದಲ್ಲಿದ್ದ ಪ್ರತಿಕಾಯ ರೋಗಿಯ ಶ್ವಾಸಕೋಶದಲ್ಲಿ ಬಿಳಿಕಣಗಳನ್ನು ಕೆರಳಿಸಿದ್ದರೆ, ಅಂದರೆ ಟ್ರಾಲಿ ಆಗಿದ್ದರೆ, 6 ಗಂಟೆಯೊಳಗೆ ಬಂದಿರುತ್ತದೆ, ಬಿಪಿ ಸಾಮಾನ್ಯವಾಗಿ ಕುಸಿದಿರುತ್ತದೆ, ಜ್ವರವಿರುತ್ತದೆ. ಅದಕ್ಕೆ ಆಮ್ಲಜನಕ, ಬೇಕಾದರೆ ವೆಂಟಿಲೇಟರ್. ಮೂತ್ರದ ಇಂಜೆಕ್ಷನ್ನಿನಿಂದ ಪ್ರಯೋಜನವಿಲ್ಲ. ಆ ಪ್ರತಿಕಾಯ ಹೆಚ್ಚಾಗಿ ಬರುವುದು ಹಲವು ಹೆರಿಗೆಯಾದ ದಾನಿಗಳಿಂದ. ಬ್ರಿಟನ್ 2003ರಲ್ಲಿ ಪ್ಲಾಸ್ಮಾಕ್ಕೆ ಗಂಡಸು ದಾನಿಗಳಿಗೆ ಆದ್ಯತೆ ಕೊಡತೊಡಗಿದ ಮೇಲೆ ಅಲ್ಲಿ ಟ್ರಾಲಿ ಇಳಿದದ್ದು ಅದಕ್ಕೇ.

ತಡವಾಗಿ ಬರುವ ಒಂದನ್ನು ಮನೆಯವರೇ ಹಿಡಿಯಬೇಕು, ಆಗ ರೋಗಿ ಆಸ್ಪತ್ರೆಯಲ್ಲಿ ಇರುವುದಿಲ್ಲ. ಹಿಂದೆಂದೋ ಹುಟ್ಟಿ ಪರೀಕ್ಷೆಗೆ ಸಿಗದಷ್ಟು ಕ್ಷೀಣಿಸಿದ್ದ ಕೆಂಪುಕಣದ ಪ್ರತಿಕಾಯ (ಕಿಡ್ ಎಂಬ ಗುಂಪಿನದು ಇದಕ್ಕೆ ಕುಖ್ಯಾತ) ಹೊಸ ರಕ್ತ ಕಂಡು ಮತ್ತೆ ಎದ್ದು, ಮೂರರಿಂದ ಹದಿನಾಲ್ಕು ದಿನಗಳಲ್ಲಿ ಹಾಕಿದ ಕಣಗಳನ್ನು ಒಡೆಯುತ್ತದೆ. ಕಣ್ಣು ಹಳದಿ, ಮೂತ್ರ ಕಡುಚಹಾ ಬಣ್ಣ, ಏರಿದ್ದ ಹಿಮೋಗ್ಲೋಬಿನ್ ಮತ್ತೆ ಕೆಳಗೆ. ಕೀಮೋದಿಂದ ಇಳಿಯಿತು ಎಂದುಕೊಂಡು ಇನ್ನೊಂದು ಬಾಟಲಿ ಹಾಕಿದರೆ ಅದೂ ಒಡೆಯುತ್ತದೆ. ನಿಮ್ಮ ತಾಯಿ ಈಗ ಈ ಅವಧಿಯೊಳಗೇ ಇದ್ದಾರೆ, ಗಮನವಿಡಿ. ಮುಂದಿನ ಸಲ ಕ್ರಾಸ್‌ಮ್ಯಾಚ್ ಜೊತೆ ಆಂಟಿಬಾಡಿ ಸ್ಕ್ರೀನಿಂಗ್ ಕೂಡ ಮಾಡಲು ಕೇಳಿ. ಕಳೆದ ಮೂರು ತಿಂಗಳಲ್ಲಿ ರಕ್ತ ಪಡೆದವರ ಸ್ಯಾಂಪಲ್ 3 ದಿನಕ್ಕಿಂತ ಹಳೆಯದಿರಬಾರದು.

ನಿಮಗೆ ಸಂಬಂಧಿಸಿದ್ದಲ್ಲ, ಆದರೆ ಮೈಲೋಮಾ (ಮೂಳೆಮಜ್ಜೆಯ ಒಂದು ಕ್ಯಾನ್ಸರ್) ರೋಗಿಗಳ ಮನೆಯವರು ಓದಿಕೊಳ್ಳಲಿ: ಡಾರಾಟುಮುಮ್ಯಾಬ್ ಎಂಬ ಔಷಧಿ ಕ್ಯಾನ್ಸರ್ ಕಣದ ಮೇಲೆ ಹಿಡಿಯುವ ಸಿಡಿ38 ಎಂಬ ಗುರುತು ಕೆಂಪುಕಣದ ಮೇಲೂ ಸ್ವಲ್ಪ ಇದೆ. ಹಾಗಾಗಿ ಔಷಧಿ ಶುರುವಾದ ಮೇಲೆ ಯಾವ ರಕ್ತ ಇಟ್ಟರೂ ಹೊಂದುವುದಿಲ್ಲ ಎಂದೇ ಪರೀಕ್ಷೆ ಹೇಳುತ್ತದೆ, ಕೊನೆಯ ಡೋಸಿನ ನಂತರ ಆರು ತಿಂಗಳವರೆಗೂ. ಬ್ಲಡ್ ಬ್ಯಾಂಕಿಗೆ ಔಷಧಿಯ ಹೆಸರು ತಿಳಿಸಿದ್ದರೆ ಡಿಟಿಟಿ ಎಂಬ ರಾಸಾಯನಿಕದಿಂದ ಸಿಡಿ38 ಕೆಡಿಸಿ ಪರೀಕ್ಷೆ ಮಾಡುತ್ತಾರೆ. ಅದು ಕೆಲ್ ಎಂಬ ಇನ್ನೊಂದು ರಕ್ತಗುಂಪಿನ ಗುರುತನ್ನೂ ಕೆಡಿಸುವುದರಿಂದ ಕೆಲ್ ನೆಗೆಟಿವ್ ರಕ್ತ ಕೊಡುತ್ತಾರೆ. ಮೊದಲ ಡೋಸಿಗೆ ಮುಂಚೆಯೇ ಪೂರ್ಣ ಗುಂಪು ವಿವರ ಮಾಡಿಸಿಟ್ಟರೆ ಈ ಪರದಾಟ ಅರ್ಧ ತಪ್ಪುತ್ತದೆ. ಯಾವುದೂ ಹೊಂದದಿರುವುದಕ್ಕೆ ಔಷಧಿಯೇ ಕಾರಣವಾಗಬೇಕಿಲ್ಲ ಅನ್ನಿ. ಕೋಲಾರದ ಮಹಿಳೆಯೊಬ್ಬರ ರಕ್ತ ಹೀಗೇ ಯಾವುದಕ್ಕೂ ಹೊಂದದೆ, ಬೆಂಗಳೂರಿನ ಬ್ಲಡ್ ಬ್ಯಾಂಕಿನಿಂದ ಬ್ರಿಟನ್ನಿನ ಪ್ರಯೋಗಾಲಯಕ್ಕೆ ಹೋಗಿ, ಕ್ರಿಬ್ ಎಂಬ ಹೊಸ ಪ್ರತಿಜನಕದ ಪತ್ತೆಗೆ ಕಾರಣವಾದದ್ದು 2025ರಲ್ಲಿ ಪ್ರಕಟವಾಯಿತು.

ಕ್ಯಾನ್ಸರ್ ಮರುಕಳಿಸುವ ವಿಚಾರ ಪೂರ್ತಿ ಪೊಳ್ಳಲ್ಲ. ಬೇರೆಯವರ ರಕ್ತ ನಿರೋಧಕ ಶಕ್ತಿಯನ್ನು ಸ್ವಲ್ಪ ಮಂಕುಗೊಳಿಸುತ್ತದೆ. ರಕ್ತ ಪಡೆದವರಲ್ಲಿ ಕಸಿ ಮಾಡಿದ ಕಿಡ್ನಿ ಹೆಚ್ಚು ಉಳಿಯುತ್ತದೆ ಎಂದು 1973ರಲ್ಲೇ ಕಂಡಿತ್ತು. ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಪಡೆದವರಿಗೆ ಮರುಕಳಿಕೆ ಹೆಚ್ಚು ಎಂದು ಹಲವು ಅಧ್ಯಯನಗಳು ಹೇಳಿವೆ. ಆದರೆ ರಕ್ತ ಬೇಕಾಗುವವರು ಮೊದಲೇ ಹೆಚ್ಚು ಕಾಯಿಲೆಯವರಲ್ಲವೇ? ನೆದರ್ಲೆಂಡ್ಸ್‌ನಲ್ಲಿ ಕೆಲವರಿಗೆ ಅವರದೇ ರಕ್ತ, ಕೆಲವರಿಗೆ ಬೇರೆಯವರದು ಎಂದು ಚೀಟಿ ಎತ್ತಿದಂತೆ ಹಂಚಿ ನೋಡಿದ, 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಫಲಿತಾಂಶ ಎರಡೂ ಕಡೆ ಒಂದೇ. 6.4 ಹಿಮೋಗ್ಲೋಬಿನ್ ಇರುವವರಿಗೆ ಈ ಹೆದರಿಕೆಯಿಂದ ರಕ್ತ ತಪ್ಪಿಸುವುದು ತಪ್ಪು. ಅನಗತ್ಯವಾಗಿ ಹಾಕಿಸದಿರುವುದು ಸರಿ: ಸ್ಥಿರವಾಗಿರುವವರಿಗೆ 7ಕ್ಕಿಂತ ಕೆಳಗಿಳಿದಾಗ ಸಾಕು, ಒಂದು ಬಾಟಲಿ ಹಾಕಿ ಮತ್ತೆ ಪರೀಕ್ಷಿಸಿ ಎರಡನೆಯದರ ತೀರ್ಮಾನ. ಒಂದು ಬಾಟಲಿಗೆ ಸುಮಾರು 1 ಗ್ರಾಂ ಏರುತ್ತದೆ. ಹೃದ್ರೋಗ ಇರುವವರಿಗೆ, ಎದೆನೋವು ಅಥವಾ ಏದುಸಿರು ಇರುವವರಿಗೆ ಮಿತಿ ಬೇರೆ.

ಮುಂದಿನ ಬಾಟಲಿ

ಫಿಲ್ಟರ್ ಮತ್ತು ವಿಕಿರಣ ಎರಡೂ ಆಗಿದೆಯೇ ಎಂದು ಚೀಲದ ಲೇಬಲ್ ಓದಿ ಖಚಿತಪಡಿಸಿಕೊಳ್ಳಿ. ಸಿಸ್ಟರ್ ಬಂದಾಗ ತಾಯಿ ತಮ್ಮ ಹೆಸರನ್ನು ತಾವೇ ಹೇಳಲಿ. ‘ಇವರು ಇಂಥವರಲ್ಲವೇ’ ಎಂದು ಕೇಳಿದರೆ ಸುಸ್ತಾದ ರೋಗಿ ಹೂಂ ಅಂದುಬಿಡುತ್ತಾರೆ. ಗುಂಪು ತಪ್ಪಿ ಪ್ರಾಣ ಹೋಗುವ ಪ್ರಕರಣಗಳಲ್ಲಿ ಪರೀಕ್ಷೆ ತಪ್ಪಿರುವುದು ಕಡಿಮೆ, ಸ್ಯಾಂಪಲ್ ಅಥವಾ ಮಂಚ ಅದಲುಬದಲಾಗಿರುವುದೇ ಹೆಚ್ಚು. ಶುರುವಿಗೆ ಮೊದಲು ಜ್ವರ, ನಾಡಿ, ಬಿಪಿ ಬರೆಯಬೇಕು, 15 ನಿಮಿಷಕ್ಕೆ ಮತ್ತೆ. ಆ ಮೊದಲ 15 ನಿಮಿಷ ನಿಧಾನವಾಗಿ ಹನಿಸಿ ರೋಗಿಯ ಬಳಿಯೇ ಇರಬೇಕು. ಫ್ರಿಜ್ಜಿನಿಂದ ತೆಗೆದ ಅರ್ಧ ಗಂಟೆಯೊಳಗೆ ಶುರುವಾಗಿ 4 ಗಂಟೆಯೊಳಗೆ ಮುಗಿಯಬೇಕು. ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡುವುದು ಬೇಡ, ಕಣ ಒಡೆಯುತ್ತದೆ. ಅದೇ ಲೈನಿನಲ್ಲಿ ನಾರ್ಮಲ್ ಸಲೈನ್ ಬಿಟ್ಟು ಬೇರೇನೂ ಹೋಗಬಾರದು: ಡೆಕ್ಸ್‌ಟ್ರೋಸ್‌ನಲ್ಲಿ ಕೆಂಪುಕಣ ಒಡೆಯುತ್ತದೆ, ರಿಂಗರ್ಸ್ ಲ್ಯಾಕ್ಟೇಟ್‌ನ ಕ್ಯಾಲ್ಸಿಯಂನಿಂದ ಹೆಪ್ಪುಗಟ್ಟಬಹುದು. ಕೀಮೋ ಔಷಧಿಯೂ ಸಲ್ಲ.

ಎಲ್ಲರಿಗೂ ಮೊದಲೇ ಪ್ಯಾರಾಸಿಟಮಾಲ್, ಅಲರ್ಜಿ ಇಂಜೆಕ್ಷನ್, ಸ್ಟೀರಾಯ್ಡ್ ಕೊಡುವ ಅಭ್ಯಾಸ ಹಲವು ವಾರ್ಡುಗಳಲ್ಲಿದೆ. ಅದರಿಂದ ರಿಯಾಕ್ಷನ್ ತಪ್ಪುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಸೋಂಕಿನ ಜ್ವರ ಮುಚ್ಚಿಹೋಗುವ ಭಯವಿದೆ. ನಿಮ್ಮ ತಾಯಿಗೆ ಒಮ್ಮೆ ಆಗಿರುವುದರಿಂದ ಅರ್ಧ ಗಂಟೆ ಮೊದಲು ಪ್ಯಾರಾಸಿಟಮಾಲ್ ಕೊಡುವುದನ್ನು ವೈದ್ಯರು ಯೋಚಿಸಬಹುದು, ಆದರೆ ಕೆಲಸ ಮಾಡುವುದು ಫಿಲ್ಟರ್. ಮತ್ತೆ ನಡುಕ ಬಂದರೆ ಹನಿ ನಿಧಾನ ಮಾಡುವುದಲ್ಲ, ನಿಲ್ಲಿಸುವುದು. ಸೂಜಿ ತೆಗೆಯದೆ, ಹೊಸ ಸೆಟ್‌ನಲ್ಲಿ ಸಲೈನ್ ಹಾಕಿ, ಡ್ಯೂಟಿ ಡಾಕ್ಟರನ್ನು ಕರೆಯಬೇಕು.

ಕೊನೆಗೆ ಒಂದು ಕಾರ್ಡು ಮಾಡಿ ತಾಯಿಯ ಫೈಲಿನ ಮೊದಲ ಪುಟಕ್ಕೆ ಅಂಟಿಸಿ, ಇನ್ನೊಂದು ಅವರ ಪರ್ಸಿನಲ್ಲಿರಲಿ: ಗುಂಪು, ರಿಯಾಕ್ಷನ್ ಆದ ದಿನಾಂಕ ಮತ್ತು ಬಗೆ, ಕೂಂಬ್ಸ್ ಫಲಿತಾಂಶ, ಸ್ಕ್ರೀನಿಂಗ್‌ನಲ್ಲಿ ಪ್ರತಿಕಾಯ ಸಿಕ್ಕಿದ್ದರೆ ಅದರ ಹೆಸರು, ‘ಬೆಂಡಮಸ್ಟಿನ್ ಪಡೆದಿದ್ದಾರೆ, ಫಿಲ್ಟರ್ ಆದ, ವಿಕಿರಣ ಕೊಟ್ಟ ಕೆಂಪುಕಣ ಮತ್ತು ಪ್ಲೇಟ್‌ಲೆಟ್ ಮಾತ್ರ, ಸಂಬಂಧಿಕರ ರಕ್ತ ಬೇಡ’. ಕೀಮೋ ಮುಗಿದು ವರ್ಷಗಳಾದ ಮೇಲೂ ಆ ಸಾಲು ಅಳಿಸಬೇಡಿ. ಆಗ ಕಾಲು ಮುರಿದು ಇನ್ಯಾವುದೋ ಊರಿನ ಮೂಳೆ ಆಸ್ಪತ್ರೆಗೆ ಹೋದರೂ ಅಲ್ಲಿನವರಿಗೆ ಅದು ತಿಳಿಯಬೇಕು.